ಕಡಿಮೆ ಎಂಬ ಒಂದು ಮಾತು

ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ಹೊರಗೆ ಬಂದವನನ್ನು ಕಂಡು ಸುರೇಖಾ ಬೆಂಚಿನಿಂದ ಎದ್ದು ನಿಂತಳು.

ರುದ್ರಮುನಿ... ಅವಳ ಗಂಡ.

ಸಿಟ್ಟಿನಿಂದ ಹಾವೇರಿಯ ತವರಿಗೆ ಹೋದ ಮೇಲೆ ಅವಳು ಅವನ ಮುಖ ನೋಡಿರಲಿಲ್ಲ. ಫೋನನ್ನೂ ಎತ್ತಿರಲಿಲ್ಲ. ಈಗ ರಾಣೇಬೆನ್ನೂರಿನ ಈ ಆಸ್ಪತ್ರೆಯಲ್ಲಿ, ಬಸುರಿ ಹೆಂಗಸರ ನಡುವೆ, ಇಬ್ಬರೂ ಎದುರುಬದುರು.

“ಒಬ್ಬಾಕೀನ ಬಂದೀಯೇನು?” ಅವನ ದನಿ ಒಣಗಿತ್ತು.

“ಸ್ಕ್ಯಾನಿಂಗ್ ಐತಿ. ನೀವ್ಯಾಕ ಬಂದೀರಿ?”

ಅವನು ತಲೆ ತಗ್ಗಿಸಿದ.

‘ನಾನು ಪೂರಾ ಕೆಲಸಕ್ಕೆ ಬಾರದವಳೇ ಎಂದು ಡಾಕ್ಟರನ್ನು ಕೇಳಲು ಬಂದಿದ್ದಾನೆ... ಬೇರೆ ಹೆಣ್ಣು ನೋಡುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಲ್ಲ!’

ಅಷ್ಟರಲ್ಲಿ ನರ್ಸ್ ಅವಳ ಹೆಸರು ಕರೆದಳು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆ ಅವರದು. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅಂಡಾಶಯದಲ್ಲಿ ತತ್ತಿಗಳು ಎಷ್ಟು ಉಳಿದಿವೆ ಎಂದು ತಿಳಿಯಲು ರಕ್ತದ ಪರೀಕ್ಷೆ ಮಾಡಿಸಿದಾಗ, ಮೂವತ್ತೂ ತುಂಬದ ಸುರೇಖಾಳಿಗೆ ‘ಕಡಿಮೆ’ ಎಂದು ಬಂತು. ಮನೆಯಲ್ಲಿ ಆ ಮಾತು ಬೇರೆಯೇ ಆಗಿಬಿಟ್ಟಿತು.

“ಬರಡು ಅಂತ ಡಾಕ್ಟರ್ ಬಾಯಿಂದನ ಬಂತಲ್ಲ,” ಎಂದಿದ್ದಳು ಅತ್ತೆ ಮುತ್ತವ್ವ, ಅವಳಿಗೆ ಕೇಳುವಂತೆಯೇ. “ಬ್ಯಾರೆ ಹೆಣ್ಣು ನೋಡೂಣೇನು ರುದ್ರಾ?”

ಸುರೇಖಾ ಅಡುಗೆಮನೆಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಗಂಡ ಏನಾದರೂ ಹೇಳುತ್ತಾನೆಂದು ಕಾದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟ.

ಅಂದು ಸಂಜೆಯೇ ಅವಳು ಹಾವೇರಿಯ ಬಸ್ಸು ಹತ್ತಿದ್ದಳು.

ಈಗ ಅವಳು ಸ್ಕ್ಯಾನಿಂಗ್ ಮಂಚದ ಮೇಲೆ ಮಲಗಿದ್ದಳು. ಡಾಕ್ಟರ್ ಹುಮಾ ಪರದೆಯ ಮೇಲಿನ ಸಣ್ಣ ಕಪ್ಪು ಚುಕ್ಕೆಗಳನ್ನು ನಿಧಾನವಾಗಿ ನೋಡಿದರು.

“ಏನೂ ಉಳದಿಲ್ಲೇನ್ರಿ ಮೇಡಂ?”

“ಯಾರ್ ಹೇಳ್ಯಾರ ಹಂಗಂತ? ನಿನ್ನ ವಯಸ್ಸಿಗೆ ತತ್ತಿ ಕಡಿಮಿ ಅದಾವು, ಅದು ಖರೇ. ಕಡಿಮಿ ಅಂದ್ರ ಇಲ್ಲ ಅಂತಲ್ಲ. ಎಷ್ಟು ಅದಾವು ಅಂತ ಅಂದಾಜು ಹೇಳೂ ಪರೀಕ್ಷೆ ಇದು. ಬಸರಾಗ್ತೀಯೋ ಇಲ್ಲೋ ಅಂತ ಇದು ಹೇಳಂಗಿಲ್ಲ.”

“ಹಂಗಾದ್ರ...?”

“ಒಂದು ಚಲೋ ತತ್ತಿ ಸಾಕು. ಆದ್ರ ತಡಾ ಮಾಡೂದು ಬ್ಯಾಡ, ಲಗೂನ ಚಿಕಿತ್ಸೆ ಚಾಲೂ ಮಾಡೂಣು. ಖಾತ್ರಿ ಮಾತ್ರ ನಾ ಕೊಡಂಗಿಲ್ಲ.”

ಸುರೇಖಾಳ ಕಣ್ಣು ತುಂಬಿತು. ಸೆರಗು ಸರಿಮಾಡಿಕೊಳ್ಳುತ್ತ ತಡೆಯಲಾರದೆ ಕೇಳಿದಳು. “ಈಗ ಬಂದಿದ್ರಲ್ಲ ನಮ್ಮನಿಯವರು, ನನ್ನ ಬಗ್ಗೆ ಏನ್ ಕೇಳಿದ್ರು?”

“ನಿನ್ನ ಬಗ್ಗೆ ಅಲ್ಲ. ಅದನ್ನ ಅವರ ಬಾಯಿಂದನ ಕೇಳು, ನಾ ಹೇಳೂ ಮಾತಲ್ಲ ಅದು.”

ರುದ್ರಮುನಿ ಹೊರಗೆ, ಔಷಧಿ ಅಂಗಡಿಯ ಪಕ್ಕದಲ್ಲಿ ಬಿಸಿಲಿಗೆ ನಿಂತಿದ್ದ. ಅವಳು ನೆಟ್ಟಗೆ ಅವನೆದುರು ಹೋದಳು.

“ಅತ್ತಿ ನನಗ ಬರಡು ಅಂದಾಗ ನೀವು ಎದ್ದು ಹೋದ್ರಿ. ಒಂದ ಮಾತು ಆಡಲಿಲ್ಲ. ಯಾಕ?”

“ಹೆದರಿದ್ದೆ...” ಅವನು ಮೊದಲ ಸಲ ಅವಳ ಕಣ್ಣು ನೋಡಿದ. “ನಂದೂ ಪರೀಕ್ಷೆ ಆಗಬೇಕು ಅಂತ ಡಾಕ್ಟರು ಮೊದಲ ಹೇಳಿದ್ರು. ನಾನ ಮುಂದೂಡಕೋತ ಬಂದೆ. ನೀ ಹೋದ ಮ್ಯಾಲೆ ಮಾಡಿಸಿದೆ. ನನ್ನ ವೀರ್ಯಾಣುನೂ ಕಡಿಮಿ ಅದಾವು, ಸುರೇಖಾ. ಔಷಧ ಕೇಳಾಕ ಬಂದಿದ್ದೆ ಇವತ್ತ.”

ಅವಳಿಗೆ ಮರುಕ ಬರುವ ಮೊದಲು ಸಿಟ್ಟು ಬಂತು.

“ಇಷ್ಟು ವರ್ಷ ಸೂಜಿ ಚುಚ್ಚಿಸಿಕೊಂಡಾಕಿ ನಾನು. ಮಂದಿ ಮಾತು ತಿಂದಾಕಿ ನಾನು. ನಿಮಗ ಒಂದು ಪರೀಕ್ಷೆ ಭಾರ ಆತು.”

“ಹೌದು. ತಪ್ಪು ನಂದು.”

“ಅತ್ತಿಗೆ ಗೊತ್ತೈತೇನು?”

“ಹೇಳೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ಲು. ನಮ್ಮಕ್ಕಾ, ಆಕಿ ಗಂಡ ಎಲ್ಲಾರೂ ಊಟಕ್ಕ ಕುಂತಾಗ ಮತ್ತೊಮ್ಮೆ ಹೇಳಿದೆ. ‘ಸುರೇಖಾಗ ಬರಡು ಅಂದ್ರ ನನಗೂ ಅನ್ನು’ ಅಂದೆ. ಅವ್ವ ಅವತ್ತಿಂದ ನನ್ನ ಜೋಡಿ ಮಾತು ಬಿಟ್ಟಾಳ.”

ಎಲ್ಲರೆದುರು ಆ ಮಾತಾಡಲು ಅವನಿಗೆ ಎಷ್ಟು ಕಷ್ಟವಾಗಿರಬೇಕು... ಅದು ಸುರೇಖಾಳಿಗೆ ಗೊತ್ತಿತ್ತು.

“ಎಲ್ಲಾ ಮಾಡಿನೂ ಮಕ್ಕಳಾಗಲಿಲ್ಲಂದ್ರ?”

“ನೀ ಇರ್ತೀಯಲ್ಲ. ನೀ ಇಲ್ಲದ ಆ ಮನ್ಯಾಗ ನನಗ ಇರಾಕ ಆಗವಲ್ತು.”

ಅವಳ ಕಣ್ಣೀರು ಈಗ ಕೆನ್ನೆಗಿಳಿಯಿತು. ಒರೆಸಲು ಬಂದ ಅವನ ಕೈಯನ್ನು ತಡೆದಳು. ಆದರೆ ಬಿಡಲಿಲ್ಲ, ಹಾಗೆಯೇ ಹಿಡಿದುಕೊಂಡಳು.

“ಇವತ್ತ ಬ್ಯಾಡಗಿಗೆ ಬರೂದಿಲ್ಲ ನಾ.”

“ಬರಬ್ಯಾಡ. ನಾನ ಹಾವೇರಿಗೆ ಬರ್ತೇನಿ.”

“ನಮ್ಮವ್ವ ಬೈತಾಳ ನಿಮಗ.”

“ಬೈಲಿ. ಬೈಸಿಕೊಳ್ಳೂ ಕೆಲಸಾನ ಮಾಡೇನಿ.”

“ಬೈದು ಮುಗಿಸಿ ರೊಟ್ಟಿನೂ ಹಾಕ್ತಾಳ...” ಅವಳ ತುಟಿಯಂಚಿನಲ್ಲಿ ನಗೆ ಸುಳಿಯಿತು. “ನಡೀರಿ, ಬಸ್ಸು ಹೋಗತೈತಿ.”