ಬಾತ್‌ರೂಮಿಗೊಂದು ಲೈಟು ಬೇಕಿತ್ತು

"ಬಾತ್‌ರೂಮಿಗೊಂದು ಲೈಟು ಬೇಕಿತ್ತು," ಎಂದ ಆ ಮನುಷ್ಯ.

ಶೋಭಿತಾ ತಲೆ ಎತ್ತದೆಯೇ ಕೇಳಿದಳು. "ಒಂದೇ ಸಾಕಾ?"

"ಎಷ್ಟು ಹಾಕ್ಬೇಕು ಅಂತ ನೀವೇ ಹೇಳಿ."

ಇದು ಹೊಸ ಮಾತು. ಮಂಡ್ಯದ ನೂರಡಿ ರಸ್ತೆಯ ಆ ಲೈಟಿನಂಗಡಿಗೆ ಬರುವ ಜನ ಹಾಲಿಗೆ ಜಗಮಗಿಸುವ ತೂಗುದೀಪ ಆರಿಸಲು ಅರ್ಧ ದಿನ ನಿಲ್ಲುತ್ತಿದ್ದರು. ಹೊರಡುವಾಗ, 'ಬಚ್ಚಲಿಗೆ ಯಾವುದಾದರೂ ಒಂದು ಕೊಟ್ಬಿಡಿ' ಎನ್ನುತ್ತಿದ್ದರು. ಮೇಲೆ ಥಳುಕು ಒಳಗೆ ಹುಳುಕು ಎಂದು ಶೋಭಿತಾ ಮನಸ್ಸಿನಲ್ಲೇ ಬೈದುಕೊಂಡು, ಒಂದು ಬಲ್ಬು ಸುತ್ತಿ ಕೊಟ್ಟು ಕಳಿಸುತ್ತಿದ್ದಳು. ಬಾತ್‌ರೂಮನ್ನೇ ಮೊದಲು ಕೇಳಿಕೊಂಡು ಬಂದವನು ಇವನೊಬ್ಬನೇ.

ಈಗ ತಲೆ ಎತ್ತಿ ನೋಡಿದಳು. ಉದ್ದ ಆಳು. ನಿದ್ದೆಗೆಟ್ಟು ಕೆಂಪಾದ ಕಣ್ಣು. ಅಂಗಿಯ ಗುಂಡಿ ಒಂದರ ಜಾಗಕ್ಕೆ ಇನ್ನೊಂದು ಹಾಕಿಕೊಂಡಿದ್ದರಿಂದ ಕಾಲರಿನ ಒಂದು ಕಡೆ ಮೇಲಕ್ಕೆ ನಿಂತಿತ್ತು. ಅದು ಅವನಿಗೆ ಗೊತ್ತೇ ಇದ್ದಂತಿರಲಿಲ್ಲ.

ಹೆಸರು ರವಿಚಂದ್ರ. ಬ್ಲಫ್‌ನ ಜಲವಿದ್ಯುತ್ ಪವರ್ ಹೌಸಿನಲ್ಲಿ ಶಿಫ್ಟ್ ಕೆಲಸ. ಮಳವಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ಹುಣ್ಣಿಮೆಗೆ ಬುದ್ಧ ವಂದನೆ ಮಾಡಿ ಒಕ್ಕಲಾಗಬೇಕು. ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಆಕಳಿಸಿದ.

"ಅಯ್ಯೋ, ಕರೆಂಟು ಮಾಡೋರೇ ಬಂದು ನನ್ನ ಹತ್ರ ಬಲ್ಬು ಕೇಳ್ತಿದೀರಾ?"

"ಮಾಡಿ ಕಳಿಸೋದಷ್ಟೇ ನಮ್ಮ ಕೆಲಸ ಕಣ್ರೀ. ಅದರ ಬೆಳಕಲ್ಲಿ ಕೂತ್ಕೊಳ್ಳೋರು ಬೇರೆಯವರು."

ಶೋಭಿತಾಗೆ ನಗು ಬಂತು. ಬೇರೆಯವರ ಹಾಲಿನ ಲೈಟಿಗೆ ಕೇಳುವಷ್ಟೇ ವಿವರವಾಗಿ ಇವನ ಬಾತ್‌ರೂಮಿಗೂ ಕೇಳಿದಳು. ಕಿಟಕಿ ಯಾವ ಕಡೆ? ಸ್ನಾನ ಬೆಳಿಗ್ಗೆಯೋ ಸಂಜೆಯೋ? ಕೆಲಸ ಮುಗಿಸಿ ಮನೆಗೆ ಬಂದಾಗ ಕಣ್ಣಿಗೆ ಬೆಳಕು ಬೇಕೋ, ತಂಪು ಬೇಕೋ? ಗಡ್ಡ ಎಲ್ಲಿ ನಿಂತು ಮಾಡಿಕೊಳ್ಳುವುದು?

ಅವನು ಒಂದೊಂದಕ್ಕೂ ಪರೀಕ್ಷೆಗೆ ಕೂತ ಹುಡುಗನ ಹಾಗೆ ಯೋಚಿಸಿ ಉತ್ತರ ಹೇಳಿದ. ಕೊನೆಗೆ, "ಕ್ವಾರ್ಟರ್ಸಲ್ಲಿ ಗಡ್ಡ ಮಾಡ್ಕೊಳ್ಳೋಕೆ ನಿಂತ್ರೆ ಕನ್ನಡೀಲಿ ನಮ್ಮಪ್ಪ ಕಾಣ್ತಾರೆ," ಎಂದ.

"ಲೈಟು ನೆತ್ತಿ ಮೇಲಿದೆ ಅಲ್ವಾ? ಕಣ್ಣ ಕೆಳಗೆ ನೆರಳು ಬಿದ್ದು ಎಂಥವರೂ ಮುದುಕರಾಗ್ತಾರೆ. ಕನ್ನಡಿಯ ಎರಡು ಕಡೆಗೂ, ಮುಖದ ಎತ್ತರಕ್ಕೆ, ಒಂದೊಂದು ಹಾಕಿ. ಹತ್ತು ವರ್ಷ ಕಮ್ಮಿಯಾಗ್ತೀರಾ."

"ಹತ್ತು ಬೇಡ. ಐದು ಸಾಕು."

ಏನನ್ನೂ ಕೊಳ್ಳದೆ ಹೋದ. ವಾರ ಕಳೆದು ಮತ್ತೆ ಬಂದ, ಸ್ನಾನ ಮಾಡುವ ಜಾಗಕ್ಕೆ ಯಾವ ಲೈಟು ಎಂದು ಕೇಳಲು. ಹಬೆ, ನೀರು ಒಳಗೆ ಹೋಗದಂಥದ್ದನ್ನು ಶೋಭಿತಾ ತೆಗೆದು ತೋರಿಸಿದಳು. ಮೂರನೇ ಸಲ ಬಂದಾಗ ಬಣ್ಣದ ಪ್ರಶ್ನೆ. ಹಳದಿಯೋ ಬಿಳಿಯೋ? ಅವಳು ಎರಡನ್ನೂ ಹಾಕಿ, ಅವನ ಅಂಗೈಯನ್ನೇ ಕೆಳಗೆ ಹಿಡಿಯಲು ಹೇಳಿದಳು. ಹಳದಿ ಬೆಳಕಿನಲ್ಲಿ ಆ ಕೈ ಬೆಚ್ಚಗೆ ಕಂಡಿತು. ಅವನು ಕೈ ನೋಡುವುದು ಬಿಟ್ಟು ಅವಳ ಬೆರಳು ನೋಡುತ್ತಿದ್ದ. ಅವಳು ನೋಡಿದೊಡನೆ ಗಾಬರಿಯಾಗಿ, "ಇದೇ ಇರ್ಲಿ, ಇದೇ," ಎಂದು ನೋಡದೆಯೇ ಒಂದು ಕಡೆ ಕೈ ತೋರಿಸಿದ. ಅಲ್ಲಿದ್ದದ್ದು ಫ್ಯಾನು.

ಅವನು ಹೋದ ಮೇಲೆ ಶೋಭಿತಾ ತನ್ನಷ್ಟಕ್ಕೆ ತಾನೇ ಗದರಿಕೊಂಡಳು. ಏನೇ ಇದು, ಈ ವಯಸ್ಸಿನಲ್ಲಿ? ಬೇಡ ಕಣೆ.

ಬೇಡ ಎನ್ನಲು ಕಾರಣವಿತ್ತು. ಮೂವತ್ತು ದಾಟಿ ನಾಲ್ಕು ವರ್ಷವಾಗಿತ್ತು. ಅಪ್ಪ ಹೋದ ಮೇಲೆ ತಂಗಿ ಪ್ರಿಯಾಂಕಳ ಓದು, ಮದುವೆ ಎಲ್ಲ ಇವಳ ಹೆಗಲ ಮೇಲೇ ಆಯಿತು. ದಿನಾ ಕೊಪ್ಪದಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿನಿಂದ ಮಂಡ್ಯಕ್ಕೆ ಇನ್ನೊಂದು. ಇದರ ನಡುವೆ ಹೆಣ್ಣು ನೋಡುವ ಶಾಸ್ತ್ರ. ಮುಖ ತೊಳೆದು, ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು ಬರುವುದು. ಬಂದವರು ಕಾಲಿನಿಂದ ತಲೆಯವರೆಗೆ ನೋಡುವುದು, ಊರಿಗೆ ಹೋಗಿ ಸುಮ್ಮನಾಗುವುದು. ಕಳೆದ ವರ್ಷ ಅಮ್ಮನ ಮುಂದೆ ಕೈಮುಗಿದು ಹೇಳಿದ್ದಳು, ಇನ್ನು ಈ ಮನೆಗೆ ಯಾರೂ ನನ್ನನ್ನು ನೋಡಲು ಬರಕೂಡದು. ಅಂಗಡಿ ಒಂದೇ ಅವಳಿಗೆ ನೆಮ್ಮದಿಯ ಜಾಗ. ಅಲ್ಲಿ ಬಂದವರೆಲ್ಲ ಲೈಟು ನೋಡುತ್ತಿದ್ದರು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಇನ್ನೊಂದು ಸಲ ಆಸೆಪಟ್ಟು, ಇನ್ನೊಂದು ಸಲ ಬೇಡವಾಗಲು ಅವಳಲ್ಲಿ ತ್ರಾಣ ಇರಲಿಲ್ಲ.

ರವಿಚಂದ್ರ ಲೈಟುಗಳನ್ನು ಆರ್ಡರ್ ಮಾಡಿ ಹೋದ ಮಾರನೆಯ ದಿನ ಒಬ್ಬರು ಹಿರಿಯರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು.

"ಒಂದು ಬಲ್ಬು ಕೊಡವ್ವ. ಅಲ್ಲಿರಾದಲ್ಲ, ಮ್ಯಾಲ್ಗಡೆ ಡಬ್ಬ ಅದೆಯಲ್ಲ, ಅದ್ರದು."

ಶೋಭಿತಾ ಸ್ಟೂಲು ಹತ್ತಿ ತೆಗೆದುಕೊಟ್ಟಳು.

"ಇದ್ರಾಗೆ ಸಣ್ಣಕ್ಷರ್‌ದಾಗೆ ಏನೋ ಬರ್ದವ್ರೆ. ಓದವ್ವ."

ಓದಿದಳು.

"ಯಾವೂರವ್ವ? ಕೊಪ್ಪ್ವಾ? ವಸಿ ಆ ಕಡೀಕ್ ನಡ್ದು ಆ ಲೈಟಾಕು, ನೋಡ್ಮ."

ನಡೆಯುತ್ತಾ ಅರ್ಧ ದಾರಿಯಲ್ಲಿ ಶೋಭಿತಾ ನಿಂತುಬಿಟ್ಟಳು. ಕೈ ಎಟುಕುತ್ತದಾ, ಕಣ್ಣು ಕಾಣುತ್ತದಾ, ನಡಿಗೆ ನೆಟ್ಟಗಿದೆಯಾ! ಇಷ್ಟು ವರ್ಷ ಇದನ್ನೇ ಅನುಭವಿಸಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಆ ಹಿರಿಯರೋ, ಬಾಗಿಲ ಬಳಿ ನಿಂತು ಇಡೀ ರಸ್ತೆಗೆ ಕೇಳುವ ಹಾಗೆ ಫೋನು ಮಾಡಿದರು.

"ಲೇ ರವಿ, ನಾನು ಕಣ್ಲಾ, ನಿಮ್ ಚಿಕ್ಕಪ್ಪ, ಚಿಕ್ಕಮಾದು. ಎಣ್ ನೋಡ್ದೆ. ಚೆಂದಾಗವ್ಳೆ. ಅವ್ರವ್ವ ದೇವೀರಮ್ಮಂಗೂ ಯೋಳ್ತೀನಿ. ನೀನೇನ್ಲಾ, ಮೂರ್ ದಪ ಬಂದೋಗಿದ್ದೀಯ! ಎಣ್ಣು ಎಂಗವ್ಳ್ಲಾ ಅಂದ್ರೆ ಕನ್ನಡಿ ಎಲ್ಡ್ ಕಡೀಗೂ ಲೈಟಾಕ್ಬೇಕು ಅಂತೀಯ. ಬಣ್ಣ ಎಂಗದ್ಲಾ ಅಂದ್ರೆ ಅಳದಿನೂ ಬತ್ತದೆ ಬಿಳೀನೂ ಬತ್ತದೆ ಅಂತೀಯ. ಅದ್ಕೇ ನಾನೇ ಬರ್‌ಬೇಕಾಯ್ತು!"

ಸಂಜೆ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಯಾರೂ ನೋಡಕ್ ಬರ್‌ಬಾರ್ದು ಅಂದಿದ್ನಲ್ಲವ್ವಾ?"

ದೇವೀರಮ್ಮ ಅವರೆಕಾಯಿ ಬಿಡಿಸುತ್ತಾ, "ಮನೇಗ್ ಬರ್‌ಕೂಡ್ದು ಅಂದೆ. ಬರ್ಲಿಲ್ಲ. ಅಂಗ್ಡೀಗ್ ಬರ್‌ಕೂಡ್ದು ಅಂತ ನೀನೆಲ್ ಅಂದೆ?" ಎಂದರು. ಆಮೇಲೆ ಮಗಳ ಮುಖ ನೋಡಿ ದನಿ ಇಳಿಸಿದರು. "ನೀನೊಂದು ನೆಲೆ ಕಾಣೋಗಂಟ ನಂಗ್ ನಿದ್ದೆ ಬರಾಕಿಲ್ಲ ಕಣವ್ವ."

ಶೋಭಿತಾ ಊಟ ಮಾಡದೆ ಮಲಗಿದಳು. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಅವನ ಅಂಗೈಗೆ ಬೆಳಕು ಹಿಡಿದಾಗ ತನಗೇ ಖುಷಿಯಾಗಿತ್ತಲ್ಲ, ಅದು ನೆನಪಾಗಿ ಮುಸುಕು ಎಳೆದುಕೊಂಡಳು.

ಆದರೆ ಅಂಗಡಿಯದೊಂದು ಪದ್ಧತಿ ಇತ್ತು. ಲೈಟು ಕೊಂಡವರ ಮನೆಗೆ ಹೋಗಿ, ಎಲ್ಲೆಲ್ಲಿ ಯಾವುದು ಬರಬೇಕು ಎಂದು ಗೋಡೆಯ ಮೇಲೆ ಗುರುತು ಹಾಕಿ ಕೊಡಬೇಕು. ಅದು ಶೋಭಿತಾಳ ಕೆಲಸ. ಮಳವಳ್ಳಿಗೆ ಬೇರೆ ಯಾರನ್ನಾದರೂ ಕಳಿಸಿ ಎಂದರೆ ಓನರು, "ಬೇರೆ ಯಾರಮ್ಮ ಇದಾರೆ?" ಎಂದುಬಿಟ್ಟರು.

ಹೊಸ ಬಡಾವಣೆಯಲ್ಲಿ ಬಣ್ಣ ಕಾಣದ ಮನೆ. ಎಲೆಕ್ಟ್ರಿಷಿಯನ್ ಮರಿಸಿದ್ದಯ್ಯ ಪೈಪು ತರಲು ಪೇಟೆಗೆ ಹೋಗಿದ್ದರು. ರವಿಚಂದ್ರ ನೈಟ್ ಶಿಫ್ಟು ಮುಗಿಸಿ ನೇರ ಬಂದಿದ್ದ. ಇವಳನ್ನು ಕಂಡು ಎದ್ದು ನಿಂತ.

"ಪರವಾಗಿಲ್ಲ, ಬಾತ್‌ರೂಮು ನಿಜವಾಗ್ಲೂ ಇದೆ," ಎಂದಳು ಶೋಭಿತಾ. "ಕಳ್ಳಂಗೊಂದು ಪಿಳ್ಳೆ ನೆವ ಅನ್ಕೊಂಡಿದ್ದೆ."

ಅವಳು ಟೇಪು ಹಿಡಿದು, ಪೆನ್ಸಿಲಿನಲ್ಲಿ ಸ್ನಾನದ ಜಾಗಕ್ಕೆ ಒಂದು, ಬಾಗಿಲ ಹತ್ತಿರ ರಾತ್ರಿಗೆ ಪುಟ್ಟದೊಂದು ಗುರುತು ಹಾಕಿದಳು. ಕನ್ನಡಿಯ ಗೋಡೆಗೆ ಬಂದಾಗ ಅವನನ್ನು ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಗೆರೆ ಎಳೆದಳು. ಅಷ್ಟು ಹತ್ತಿರದಿಂದ ಅವನ ಉಸಿರು ಕೇಳಿಸಿತು. ಗೆರೆ ಸೊಟ್ಟಗಾಗಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಅಳಿಸಿ ಮತ್ತೆ ಎಳೆದಳು.

"ಇಲ್ಲಿ ಬೇರೆ ಯಾರು ನಿಲ್ತಾರೆ? ಅವರ ಎತ್ತರಾನೂ ನೋಡ್ಬೇಕು."

"ಅದನ್ನ ನೀವು ಹೇಳ್ಬೇಕು," ಎಂದ ಮೆಲ್ಲಗೆ.

ಶೋಭಿತಾ ಪೆನ್ಸಿಲನ್ನು ಕಿಟಕಿಯ ಮೇಲಿಟ್ಟಳು.

"ನನಗೆ ಸುಸ್ತಾಗಿದೆ ಕಣ್ರೀ," ಎಂದಳು. "ಯಾರೋ ನೋಡ್ತಾರೆ ಅಂತ ಮುಖ ನೆಟ್ಟಗಿಟ್ಕೊಂಡು, ಬೆನ್ನು ನೆಟ್ಟಗಿಟ್ಕೊಂಡು ಕೂತು ಕೂತು ಸಾಕಾಗ್ಹೋಗಿದೆ. ಅಂಗಡಿ ಒಂದಿತ್ತು ನನಗೆ. ಅಲ್ಲಿ ನನ್ನನ್ನ ಯಾರೂ ನೋಡ್ತಿರ್ಲಿಲ್ಲ. ಅದನ್ನೂ ಕಿತ್ಕೊಂಡ್ರಿ. ಈಗ ಗಿರಾಕಿ ಬಂದ್ರೆ ಲೈಟಿಗೆ ಬಂದ್ರೋ, ನನ್ನ ನೋಡೋಕೆ ಬಂದ್ರೋ ಅನ್ಸತ್ತೆ."

"ತಪ್ಪಾಯ್ತು," ಎಂದ ರವಿಚಂದ್ರ. "ಮೊದಲನೇ ದಿನ ಚಿಕ್ಕಪ್ಪ ಹೇಳಿ ಕಳಿಸಿ, ನೋಡೋಕೇ ಬಂದಿದ್ದು. ಸುಳ್ಳು ಹೇಳಲ್ಲ. ಬಂದೆ, ಆದ್ರೆ ಮುಖ ನೋಡೋಕೆ ಧೈರ್ಯ ಸಾಲ್ದೆ ಲೈಟೇ ನೋಡ್ಕೊಂಡು ಹೋದೆ. ಎರಡನೇ ಸಲ ಯಾರೂ ಕಳಿಸಿರ್ಲಿಲ್ಲ. ಮಲಗೋದು ಬಿಟ್ಟು ಬಸ್ಸು ಹತ್ತಿದ್ದೆ. ಮನೆಗೆ ಬಂದಾಗ ಕಣ್ಣಿಗೆ ಏನು ಬೇಕು ಅಂತ ಕೇಳಿದ್ರಲ್ಲ, ಅದನ್ನ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೇಳಿರ್ಲಿಲ್ಲ."

ಶೋಭಿತಾ ಮುಖ ತಿರುಗಿಸಿದಳು.

"ನಿಮ್ಮನ್ನ ಕಂಡ್ರೆ ಇಷ್ಟ ಕಣ್ರೀ. ಇದನ್ನ ನಾನೇ ಹೇಳ್ಬೇಕಿತ್ತು, ಚಿಕ್ಕಪ್ಪ ಬರೋದಕ್ಕೆ ಮುಂಚೆ. ನೀವು ಬೇಡ ಅಂದ್ರೆ ಲೈಟು ಹಾಕಿಸ್ಕೊಂಡು ಸುಮ್ನಾಗ್ತೀನಿ. ಅಂಗಡಿ ಕಡೆ ಬರಲ್ಲ."

ಅವಳಿಗೆ ನಿಂತು ನಿಂತು ಕಾಲು ಸೋತಿತ್ತು. "ಮರಿಸಿದ್ದಯ್ಯ ಬರ್ಲಿ," ಎಂದು ಟೈಲ್ಸಿನ ಗೋಡೆಗೆ ಒರಗಿ ನೆಲದ ಮೇಲೆಯೇ ಕೂತಳು. ಅವನು ಎದುರಿನ ಗೋಡೆಗೆ ಕೂತ. ಚಿಕ್ಕ ಬಾತ್‌ರೂಮು, ಇಬ್ಬರ ಪಾದಗಳ ನಡುವೆ ಗೇಣು ಜಾಗ. ವೆಂಟಿಲೇಟರಿನಿಂದ ಮಧ್ಯಾಹ್ನದ ಬೆಳಕು ಇಳಿದಿತ್ತು. ಟೈಲ್ಸು ಬೆನ್ನಿಗೆ ತಣ್ಣಗಿತ್ತು. ಏನಾದರೂ ಹೇಳಬೇಕು, ಹೇಳಿ ಎದ್ದು ಹೋಗಬೇಕು ಎಂದುಕೊಂಡಳು.

ಕಣ್ಣು ಬಿಟ್ಟಾಗ ಬೆಳಕು ಗೋಡೆಯ ಮೇಲಕ್ಕೆ ಹೋಗಿತ್ತು. ಕುತ್ತಿಗೆ ವಾಲಿತ್ತು, ತುಟಿ ಒಣಗಿತ್ತು, ಜಡೆ ಬಿಚ್ಚಿಕೊಂಡಿತ್ತು. ಶೋಭಿತಾ ಗಾಬರಿಯಿಂದ ಬಾಯಿ ಒರೆಸಿಕೊಂಡಳು. ದೇವರೇ, ಒಬ್ಬ ಗಂಡಸಿನ ಎದುರಿಗೆ ಬಾಯಿ ತೆರೆದುಕೊಂಡು ಮಲಗಿಬಿಟ್ಟೆನಲ್ಲ! ಇಷ್ಟು ಹೊತ್ತೂ ಕೂತು ನೋಡುತ್ತಿದ್ದನೇನೋ!

ಎದುರಿಗೆ ನೋಡಿದಳು. ರವಿಚಂದ್ರ ಗೋಡೆಗೆ ತಲೆ ಕೊಟ್ಟು, ಕಾಲು ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

ಬಾಗಿಲಲ್ಲಿ ಮರಿಸಿದ್ದಯ್ಯ ಪೈಪಿನ ಕಟ್ಟು ಇಳಿಸಿದರು. "ಆಗ್ಲೇ ಬಂದಿದ್ದೆ ಕಣವ್ವ. ಇಬ್ರೂ ಬಿದ್ಕಂಡಿದ್ರಿ. ಯಾಕೆಬ್ಬಿಸಾದು ಅಂತ ಟೀ ಕುಡ್ಯಕ್ ಓಗಿದ್ದೆ."

ಆ ದನಿಗೆ ರವಿಚಂದ್ರ ಬೆಚ್ಚಿ ಎದ್ದು ಕೂತ.

"ನಾನು ಮಲಗಿದ್ದಾಗ ನೋಡ್ತಿದ್ರಾ?" ಶೋಭಿತಾ ಕೇಳಿಯೇಬಿಟ್ಟಳು.

ಅವನು ಕಣ್ಣುಜ್ಜಿಕೊಂಡ. "ನೀವೂ ಮಲಗಿದ್ರಾ? ನನಗೆ ಗೊತ್ತೇ ಇಲ್ಲ ಕಣ್ರೀ."

ಅವಳಿಗೆ ಎಲ್ಲಿತ್ತೋ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಗುತ್ತಲೇ ಅತ್ತಳು ಕೂಡ. ಎಷ್ಟೋ ವರ್ಷದ ಮೇಲೆ ಹಗಲಲ್ಲಿ ಕಣ್ಣು ತುಂಬ ನಿದ್ದೆ ಮಾಡಿದ್ದಳು. ಅವನು ಏನು ತಪ್ಪಾಯಿತೋ ಎಂದು ಅವಳ ಮುಖವನ್ನೂ ಮರಿಸಿದ್ದಯ್ಯನ ಮುಖವನ್ನೂ ಮತ್ತೆ ಮತ್ತೆ ನೋಡಿದ.

"ನಮ್ಮವ್ವಂಗೆ ನಾನೇ ಹೇಳ್ತೀನಿ," ಎಂದಳು ಶೋಭಿತಾ, ಜಡೆ ಸುತ್ತಿಕೊಳ್ಳುತ್ತಾ. "ನಿಮ್ಮ ಚಿಕ್ಕಪ್ಪಂಗೆ ನೀವು ಹೇಳಿ."

"ಏನಂತ?"

"ಈ ಸಲ ಹುಡುಗೀನೇ ಹುಡುಗನ್ನ ನೋಡಿದ್ಲು. ಗೊರಕೆ ಹೊಡೀತಾ ಮಲಗಿದ್ದ. ಒಪ್ಕೊಂಡ್ಲು ಅಂತ."