ಒರಳಿಗೆ ಬಿಗಿದ ಮೋಟಾರು

“ಕಲ್ಲು ನಂದು. ಕೈ ತೆಗೀರಿ!”

ನಂದಿತಾಳ ದನಿಗೆ ಭೀಮರಾಜ ಬೆಚ್ಚಿಬಿದ್ದ. ಎಷ್ಟೋ ತಿಂಗಳುಗಳ ನಂತರ ಇಬ್ಬರೂ ಎದುರಾಗಿದ್ದು ಹೀಗೆ... ಜಕ್ಕೂರಿನ ಹಳೇ ಬೀದಿಯ ಹಿಟ್ಟಿನ ಅಂಗಡಿಯಲ್ಲಿ, ಪಾಲು ಮಾಡಿಕೊಳ್ಳಲು!

ಮಾರಮ್ಮನ ಮುಂದೆ ಅರಿಶಿನದ ಕೊಂಬು ಕಟ್ಟಿ ಆದ ಮದುವೆ ಅವರದು. ಹೆಣ್ಣು ತವರಿನಿಂದ ಒರಳುಕಲ್ಲು ತರುವುದು ಅವರ ಕುಲದ ಪದ್ಧತಿ. ಆ ಒರಳಿಗೇ ಭೀಮರಾಜ ಮೋಟಾರು ಕೂರಿಸಿದ್ದ. ಅದರಲ್ಲಿ ರುಬ್ಬಿದ ದೋಸೆ ಹಿಟ್ಟು ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆಲ್ಲ ಹೋಗುತ್ತಿತ್ತು.

“ಮದುವೆ ರಿಜಿಸ್ಟರ್ ಮಾಡ್ಸೋಣ ರೀ” ಎಂದು ನಂದಿತಾ ಕೇಳಿದಾಗಲೆಲ್ಲ ಅವನದು ಒಂದೇ ಮಾತು. “ಮಾರಮ್ಮ ನೋಡಿಲ್ವಾ? ಇನ್ನೆಂಥ ಸಾಕ್ಷಿ?”

‘ನನ್ನನ್ನ ಹೆಂಡತಿ ಅಂತ ಬರೆಸೋಕೇ ಇವರಿಗೆ ಮನಸ್ಸಿಲ್ಲ...’ ಅನ್ನಿಸಿ, ಜಗಳವಾಡಿ ಅವಳು ಶೆಟ್ಟಿಹಳ್ಳಿಯ ತವರು ಸೇರಿದ್ದಳು. ಕೊನೆಗೆ ಹಿರಿಯರೇ ಸಂಬಂಧ ಬಿಡಿಸಿದ್ದರು.

ಇವತ್ತು ತೀರ್ಪು ಹೇಳಿದವರು ಭೀಮರಾಜನ ದೊಡ್ಡಪ್ಪ ಮುನಿವೆಂಕಟಯ್ಯ. “ಅಂಗಡಿ ಅವನ ಎಸ್ರಲ್ಲೈತೆ. ಮದ್ವೆಗೆ ಕಾಗದ ಇಲ್ಲ, ನಿಂಗೆ ಪಾಲಿಲ್ಲ ಕಣವ್ವ. ಕಲ್ಲು ನಿಂದು, ಮೋಟ್ರು ಅವಂದು. ಬಿಚ್ಚೋ ಭೀಮ!”

“ಮೋಟಾರಿಲ್ದೆ ಈ ಕಲ್ಲಲ್ಲಿ ಏನ್ ಮಾಡ್ಲಿ ಮಾವ? ತಲೆ ಚಚ್ಕೊಳ್ಲಾ? ನನ್ ಹೊಟ್ಟೆಪಾಡು ಇದೇ ಅಲ್ವಾ!”

“ಅದ್ಕೆ ನಾನೇನವ್ವ ಮಾಡ್ಲಿ?”

‘ಮೈಮುರಿದು ರುಬ್ಬಿದ್ದು ನಾನು... ಅದು ಯಾರ ಕಣ್ಣಿಗೂ ಬೀಳಲಿಲ್ಲವೇ ತಾಯಿ ಮಾರಮ್ಮ!’ ಕೋಪಕ್ಕೆ ಅವಳ ಕಣ್ಣು ತುಂಬಿತು. ಸ್ಪ್ಯಾನರ್ ಹುಡುಕಲು ಹೊರಟವನ ಮೇಲೆ ಇನ್ನೂ ಕೋಪ.

ಭೀಮರಾಜ ಸ್ಪ್ಯಾನರ್ ಹಿಡಿದು ಕುಳಿತ. ತಿರುಗಿಸಿದ. ಬೆವರಿದ. ನಟ್ಟು ಬರಲೇ ಇಲ್ಲ.

“ಯಾಕ್ಲಾ, ಬೆಳಗ್ಗಿಂದ ಉಂಡಿಲ್ವಾ?” ದೊಡ್ಡಪ್ಪ ಗೊಣಗಿದರು.

ನಂದಿತಾ ಬಗ್ಗಿ ನೋಡಿದಳು. ಅದೆಷ್ಟು ಸಲ ಅವನ ಜೊತೆ ಅದೇ ನಟ್ಟು ಬಿಚ್ಚಿ ಒರಳು ತೊಳೆದಿದ್ದಳೋ... ಸ್ಪ್ಯಾನರ್ ಬಲಕ್ಕೆ ತಿರುಗುತ್ತಿತ್ತು!

“ರೀ... ಬಿಗಿ ಮಾಡ್ತಿದೀರಾ?!”

ಅವನು ತಲೆ ಎತ್ತಲಿಲ್ಲ. “ಬಿಚ್ಚೋಕೆ ಕೈ ಬರ್ತಿಲ್ಲ ನಂದಿ. ಮಾರಮ್ಮ ನೋಡಿದಾಳೆ, ಸಾಕು ಅಂತಿದ್ದೆ. ನಂಗೆ ಸಾಕಿತ್ತು... ನಿಂಗೆ ಬರೀ ಕಲ್ಲು ಉಳೀತು. ತಪ್ಪು ನಂದು. ರಿಜಿಸ್ಟರ್ ಮಾಡ್ಸೋಣ... ಬರ್ತೀಯಾ?”

“ಮತ್ತೆ ನನ್ನ್ಯಾಕ್ಲಾ ಕರ್ಸಿದ್ದು!” ಟವೆಲ್ ಕೊಡವಿ ಎದ್ದು ಗದರಿದರೂ ದೊಡ್ಡಪ್ಪನ ಮುಖದಲ್ಲಿ ನಗು.

ನಂದಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಂಗಡಿಗೂ ನನ್ ಹೆಸ್ರು ಸೇರಿಸ್ಬೇಕು.”

“ನಿನ್ ಹೆಸ್ರೇ ಮೊದ್ಲು.”

“ಇಷ್ಟೊಂದು ಬಿಗಿ ಮಾಡಿದೀರಲ್ಲ... ನಾಳೆ ತೊಳೆಯೋಕೆ ಹೆಂಗ್ರೀ ಬಿಚ್ಚೋದು?”

“ಇಬ್ರೂ ಹಿಡಿದ್ರೆ ಬರತ್ತೆ ಬಿಡು...”