ಎಡಗೈ ಚಕ್ಕುಲಿ ಒರಳು

ಯಾರಾದರೂ ‘ಮಿಸ್ ಶರ್ಮಾ’ ಎಂದು ಕರೆದರೆ ನಾನು ಒಂದು ಕ್ಷಣ ತಡವಾಗಿ ತಿರುಗುತ್ತೇನೆ.

ಇದು ನನ್ನ ಪುಟ್ಟ ಭಯ. ಡೈರಿಯಲ್ಲಿ ಮೂರು ಸಲ ಬರೆದುಕೊಂಡಿದ್ದೇನೆ. ಆ ಒಂದು ಕ್ಷಣವೇ ಯಾವತ್ತಾದರೂ ನನ್ನನ್ನು ಹಿಡಿದುಕೊಟ್ಟರೆ...

ಇವತ್ತು ಬೆಳಗ್ಗೆ ಹತ್ತೂಮುಕ್ಕಾಲಿಗೆ, ಮಲಾಡ್ ಸ್ಟೇಷನ್ನಿನ ಸೇತುವೆಯ ಮೇಲೆ, ಹಿಂದಿನಿಂದ ಆ ಕೂಗು ಬಂತು.

“ಮಿಸ್ ಶರ್ಮಾ, ಸ್ವಲ್ಪ ನಿಲ್ಲಿ ಮಾರಾಯ್ರೆ.”

ತಿರುಗಲೇ ಇಲ್ಲ. ಓಡಿದೆ.

ಕೂಗಿದವನು ಚೆನ್ನಯ. ನಮ್ಮ ಬಾಸ್ ರಮಾನಾಥರ ಡ್ರೈವರ್. ಆರಡಿ ಆಳು. ಊರಲ್ಲಿ ಕಂಬಳದ ಕೋಣಗಳ ಹಿಂದೆ ಓಡಿದವನು. ನಾನು ಕೋಣವಲ್ಲ. ಐದಡಿ ಒಂದಂಗುಲದ ಬಿ.ಎಸ್ಸಿ. ಹುಡುಗಿ. ಬಸ್ಸಿನಲ್ಲಿ ಚಿಲ್ಲರೆ ಕೇಳುವುದಕ್ಕೂ ನಾಚಿಕೊಳ್ಳುವವಳು.

ನನ್ನ ಚೀಲದಲ್ಲಿ ಟಿಫಿನ್ ಡಬ್ಬಿ ಇತ್ತು. ಡಬ್ಬಿಯಲ್ಲಿ ಅನ್ನವಿರಲಿಲ್ಲ. ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು. ಹಾಳೆಯ ಮೇಲೆ ಒಂದೇ ಒಂದು ಸಾಲು ಹಸಿರು ಶಾಯಿ.

ಆ ಒಂದು ಸಾಲಿಗಾಗಿ ಎರಡು ವರ್ಷ ಕಾದಿದ್ದೆ.

ಚರ್ಚ್‌ಗೇಟ್ ಸ್ಲೋ ಲೋಕಲ್ ಹೊರಟೇಬಿಟ್ಟಿತ್ತು. ಲೇಡೀಸ್ ಡಬ್ಬಿಯ ಕಂಬಕ್ಕೆ ಕೈ ಹಾಕಿದೆ. ಅದೇ ಹೊತ್ತಿಗೆ ದುಪಟ್ಟಾ ಹಿಂದಕ್ಕೆ ಬಿಗಿಯಿತು. ತುದಿ ಚೆನ್ನಯನ ಮುಷ್ಟಿಯಲ್ಲಿ. ಭುಜ ಕೊಡವಿದೆ. ದುಪಟ್ಟಾ ಅವನ ಪಾಲಾಯಿತು... ಹಾಳೆ ನನ್ನಲ್ಲೇ ಉಳಿಯಿತು.

ಆದರೆ ಅವನೂ ಹತ್ತಿದ್ದ. ಪಕ್ಕದ ಗಂಡಸರ ಡಬ್ಬಿಗೆ. ನಡುವೆ ಒಂದು ಕಬ್ಬಿಣದ ಜಾಲರಿ ಮಾತ್ರ.

ಜನರನ್ನು ಸರಿಸಿಕೊಂಡು ಬಂದು ಅವನು ಜಾಲರಿಗೆ ಬಾಯಿ ಹಚ್ಚಿದ. ದನಿ ಏರಿಸಲಿಲ್ಲ.

“ಹೇಗೂ ಪಾರ್ಲೆಯಲ್ಲಿ ಇಳೀಲೇಬೇಕಲ್ಲ ನೀವು. ಇಳೀರಿ. ನನಗೇನೂ ಅರ್ಜೆಂಟಿಲ್ಲ.”

ಗೋರೆಗಾಂವ್ ಬರುವುದರೊಳಗೆ ವಿಷಯ ಹೇಳಿಬಿಡುತ್ತೇನೆ. ಕೇಳಿ.

ನಮ್ಮ ಕಂಪನಿ ಏನನ್ನೂ ತಯಾರಿಸುವುದಿಲ್ಲ. ಗೋಡೌನೂ ಇಲ್ಲ. ಹದಿನಾಲ್ಕು ವ್ಯಾಪಾರಿಗಳು ತಮ್ಮ ಮಾಲಿನ ಪಟ್ಟಿ ಕಳಿಸುತ್ತಾರೆ. ನಾವು ಅವನ್ನೆಲ್ಲ ಸೇರಿಸಿ ಒಂದು ಕ್ಯಾಟಲಾಗ್ ಮಾಡಿ ಮನೆಮನೆಗೆ ಅಂಚೆಯಲ್ಲಿ ಹಾಕುತ್ತೇವೆ. ಆರ್ಡರ್ ಕೂಪನ್ನಿನ ಮೇಲೆ ನಮ್ಮ ಕೋಡ್ ಇರುತ್ತದೆ. ಆ ಕೋಡ್ ಹೊತ್ತು ಆರ್ಡರ್ ಬಂದರೆ ವ್ಯಾಪಾರಿ ನಮಗೆ ಕಮಿಷನ್ ಕೊಡುತ್ತಾನೆ. ಅಷ್ಟೇ ಧಂದೆ. ಪಟ್ಟಿಯೇ ಬಂಡವಾಳ. ಅದು ಸಾಂತಾಕ್ರೂಜ್‌ನ ಎದುರಾಳಿಗೆ ಒಂದು ವಾರ ಮೊದಲೇ ಸಿಕ್ಕಿತೋ, ಹಬ್ಬದ ಆರ್ಡರೆಲ್ಲ ಅವನ ಕೋಡಿಗೆ.

ಕಂಪ್ಯೂಟರ್ ಬರುವ ಮೊದಲು ಆ ಪಟ್ಟಿ ನಾಲ್ಕು ಬೂಟಿನ ಪೆಟ್ಟಿಗೆಗಳಲ್ಲಿತ್ತು. ಒಂದೊಂದು ಮಾಲಿಗೆ ಒಂದೊಂದು ಕಾರ್ಡು. ಬರೆದವರು ಮೂರ್ತಿ ಎಂಬ ಗುಮಾಸ್ತರು. ಎಡಗೈ ಬರಹ. ಎಂಬತ್ತೆಂಟರ ದೀಪಾವಳಿಯಲ್ಲಿ ಆ ಪಟ್ಟಿ ಇದ್ದ ಹಾಗೆಯೇ ಎದುರಾಳಿಯ ಪುಸ್ತಕದಲ್ಲಿ ಅಚ್ಚಾಯಿತು. ವ್ಯಾಪಾರಿಗಳು ರೇಗಿದರು. ಕಾರ್ಡುಗಳು ಮೂರ್ತಿಯ ಕೈಯಲ್ಲಿ ಮಾತ್ರ ಇದ್ದವು ಎಂದು ರಮಾನಾಥರು ಎಲ್ಲರೆದುರು ಹೇಳಿದರು. ಪೆಟ್ಟಿಗೆಗಳು ಒಂದು ಭಾನುವಾರ ರಮಾನಾಥರ ಮನೆಗೆ ಹೋಗಿ ಬಂದಿದ್ದವು. ಮೂರ್ತಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾಚಿಕೆಯ ಮನುಷ್ಯ. ಕಳ್ಳ ಎನ್ನಿಸಿಕೊಂಡು ಮನೆಗೆ ಬಂದರು. ಆಮೇಲೆ ಯಾವ ಆಫೀಸೂ ಅವರನ್ನು ಒಳಗೆ ಬಿಡಲಿಲ್ಲ.

ಬಂದದ್ದು ನಮ್ಮ ಮನೆಗೆ. ಅವರು ನನ್ನ ಅಪ್ಪ.

ಮರುವರ್ಷ ಅದೇ ಆಫೀಸಿಗೆ ಕಂಪ್ಯೂಟರ್ ಬಲ್ಲ ಹುಡುಗಿ ಬೇಕಾಗಿತ್ತು. ನಾನು ಹೋದೆ.

ನಾವು ಮೈಸೂರಿನ ಕಡೆಯವರು. ನಮಗೆ ಸರ್‌ನೇಮ್ ಇಲ್ಲ. ಅಪ್ಪನ ಹೆಸರಿನ ಒಂದಕ್ಷರ ಅಂಟಿಸಿಕೊಂಡು ಬದುಕುವವರು. ಮುಂಬಯಿಯ ಫಾರ್ಮುಗಳಿಗೆ ಇದು ಅರ್ಥವಾಗುವುದಿಲ್ಲ. ಹೆಸರು ಕೇಳಿದಾಗ ಕೌಸಲ್ಯಾ ಎಸ್. ಎಂದೆ. ಎಸ್ ಎಂದರೇನು ಎಂದು ರಮಾನಾಥರು ಕೇಳಲಿಲ್ಲ. ತಮಗೆ ತೋಚಿದ್ದನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡರು. ಶರ್ಮಾ.

ತಿದ್ದಬಹುದಿತ್ತು. ಮೊದಲ ದಿನ ನಾಚಿಕೆಯಿಂದ ಸುಮ್ಮನಿದ್ದೆ. ಎರಡನೇ ದಿನದಿಂದ ಬೇಕೆಂದೇ.

ಪಟ್ಟಿ ಜೋಡಿಸಲು ಸರಿಯಾದ ಸಾಫ್ಟ್‌ವೇರ್ ಆರಿಸುವುದು ನನ್ನ ಮೊದಲ ಕೆಲಸ. ವ್ಯಾಪಾರಿಗಳ ಫ್ಲಾಪಿಗಳೋ, ಒಂದರ ಹಾಗೆ ಒಂದಿಲ್ಲ. ಒಬ್ಬ ಬೆಲೆ ಮೊದಲು ಬರೆಯುತ್ತಾನೆ, ಒಬ್ಬ ಕೊನೆಗೆ. ಒಬ್ಬನಿಗೆ ಅದು ‘ಐದು ಲೀಟರ್ ಕುಕ್ಕರ್’, ಇನ್ನೊಬ್ಬನಿಗೆ ‘ಕು.ಪ್ರೆ. ೫’. ಮೂವರು ಸೇಲ್ಸ್‌ಮನ್‌ಗಳು ಟೈ ಕಟ್ಟಿಕೊಂಡು ಬಂದರು. ಮೊದಲನೆಯವನ ಲೆಟರ್ ಟೈಪ್ ಮಾಡುವ ಪ್ಯಾಕೇಜು ಅಂದವಾಗಿತ್ತು. ಆದರೆ ಒಂದು ಬೆಲೆ ಬದಲಾದರೆ ಪುಟವನ್ನೇ ಮತ್ತೆ ಬಡಿಯಬೇಕು. ಎರಡನೆಯದು ಚೌಕಚೌಕದ ಸ್ಪ್ರೆಡ್‌ಶೀಟು. ರಮಾನಾಥರು ಅದಕ್ಕೆ ಮರುಳಾದರು. ಅವರ ಕಣ್ಣೆದುರೇ ನಾನು ಒಂದೇ ಒಂದು ಕಾಲಂ ಸಾರ್ಟ್ ಮಾಡಿದೆ. ಕುಕ್ಕರಿನ ಬೆಲೆ ಟಾರ್ಚಿಗೆ ಬಂದು ಕೂತಿತು. ಅವರ ಮೋಹ ಇಳಿಯಿತು.

ಮೂರನೆಯದು ಡೇಟಾಬೇಸ್. ಕಪ್ಪು ಪರದೆ. ಅದರ ಮೇಲೆ ಒಂದು ಚುಕ್ಕಿ. ಅಷ್ಟೇ! ನೀನಾಗಿ ಕೇಳುವವರೆಗೂ ಏನೂ ಹೇಳುವುದಿಲ್ಲ. ನನ್ನ ಹಾಗೆಯೇ.

ಅದನ್ನೇ ಆರಿಸಿದೆ. ಹದಿನಾಲ್ಕು ಪಟ್ಟಿಗಳನ್ನೂ ಒಂದೇ ಅಚ್ಚಿಗೆ ಇಳಿಸುತ್ತದೆ, ಬೆಲೆ ಬದಲಾದರೆ ಒಂದು ಕಡೆ ತಿದ್ದಿದರೆ ಸಾಕು ಎಂದು ರಿಪೋರ್ಟ್ ಬರೆದುಕೊಟ್ಟೆ. ನಿಜವೇ. ಬರೆಯದ ಕಾರಣ ಇನ್ನೊಂದಿತ್ತು. ಅದರಲ್ಲಿ ಮಾಲಿನ ಪಕ್ಕ ಅಚ್ಚಾಗದ ಒಂದು ಕಾಲಂ ಇಡಬಹುದು. ಯಾವ ಸಾಲು ಯಾರ ಪ್ರತಿಗೆ ಹೋಗಬೇಕು ಎಂದು ಅದು ನೆನಪಿಟ್ಟುಕೊಳ್ಳುತ್ತದೆ.

ಈ ದೀಪಾವಳಿಗೆ ಮೂರು ಕರಡು ಪ್ರತಿ ತೆಗೆದೆ. ಪ್ರೆಸ್ಸಿಗೊಂದು, ಚಿತ್ರ ಬರೆಯುವವನಿಗೊಂದು, ರಮಾನಾಥರಿಗೊಂದು. ಮೂರರಲ್ಲೂ ಲೋಕದಲ್ಲೇ ಇಲ್ಲದ ಒಂದೊಂದು ಮಾಲು ಸೇರಿಸಿದೆ. ರಮಾನಾಥರ ಪ್ರತಿಯಲ್ಲಿದ್ದದ್ದು ‘ಎಡಗೈಯವರಿಗಾಗಿ ಚಕ್ಕುಲಿ ಒರಳು’.

ಗೋಕುಲಾಷ್ಟಮಿಗೆ ನಮ್ಮ ಮನೆಯಲ್ಲಿ ಒರಳಿನ ಹಿಡಿ ತಿರುಗಿಸುವವರು ಅಪ್ಪ. ಎಡಗೈಯಲ್ಲಿ. ಪ್ರತಿವರ್ಷ ಅದನ್ನು ಬೈಯುತ್ತಾ.

ನಿನ್ನೆ ಅಂಚೆಯಲ್ಲಿ ಎದುರಾಳಿಯ ಕ್ಯಾಟಲಾಗ್ ಬಂತು. ಪುಟ ಮೂವತ್ತೊಂದು. ನನ್ನ ಒರಳು! ಕೆಳಗೆ ನಾನು ಬರೆಯದ ಒಂದು ಸಾಲು: ‘ನಮ್ಮ ಮನೆಯಲ್ಲೇ ಪರೀಕ್ಷಿಸಿದ್ದು, ಒಂದೇ ತಿರುವಿಗೆ ನಾಲ್ಕು ಸುತ್ತು.’

ಇಂಥ ಸಾಲುಗಳನ್ನು ರಮಾನಾಥರು ಸ್ವಂತ ಕೈಯಿಂದ ಹಸಿರು ಶಾಯಿಯಲ್ಲಿ ಸೇರಿಸುತ್ತಾರೆ. ಅದೊಂದು ಚಟ. ಈ ಸಾಲು ಕಂಪ್ಯೂಟರಿಗೆ ಬಂದೇ ಇಲ್ಲ. ಗುಟ್ಟಾಗಿ ಪಾಲು ಪಡೆದು ಎದುರಾಳಿಗೆ ಜೆರಾಕ್ಸ್ ಕೊಟ್ಟು, ಹಸಿರು ಸಾಲಿದ್ದ ಮೂಲ ಹಾಳೆಯನ್ನು ಡ್ರಾವರಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದರು. ತಮ್ಮ ಕೈಬರಹವನ್ನು ಹರಿದು ಎಸೆಯುವವರಲ್ಲ.

ಇವತ್ತು ಹನ್ನೊಂದಕ್ಕೆ ಪಾರ್ಲೆಯ ಹೋಟೆಲೊಂದರ ಮಹಡಿಯಲ್ಲಿ ವ್ಯಾಪಾರಿಗಳ ಸಭೆ. ಆ ಗಡಿಬಿಡಿಯಲ್ಲಿ ರಮಾನಾಥರು ಡ್ರಾವರಿಗೇ ಸಿಕ್ಕಿಸಿದ್ದ ಬೀಗದ ಕೈ ಮರೆತು ಬಂದರು. ತರಲು ಚೆನ್ನಯನನ್ನು ಮಲಾಡಿನ ಆಫೀಸಿಗೆ ಹಿಂದಕ್ಕೆ ಕಳಿಸಿದರು. ಅವನು ಬಾಗಿಲು ತಳ್ಳಿದಾಗ ಡ್ರಾವರ್ ತೆರೆದಿತ್ತು. ನನ್ನ ಕೈ ಅದರೊಳಗಿತ್ತು.

ಇಷ್ಟೇ.

ಗೋರೆಗಾಂವ್ ದಾಟಿತು. ಚೆನ್ನಯ ಜಾಲರಿ ಬಿಟ್ಟು ಬಾಗಿಲಿಗೆ ಸರಿದ. ಪಕ್ಕದಲ್ಲಿ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ನಾಗವ್ವ ನನ್ನನ್ನೇ ನೋಡುತ್ತಿದ್ದಳು. ದಿನಾ ಇದೇ ಡಬ್ಬಿಯಲ್ಲಿ ಮಾರುವವಳು. ಎರಡು ವರ್ಷದಲ್ಲಿ ನಾನು ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ.

“ನಿನ್ನ ಗಂಡ ಏನ ತಂಗಿ ಅಂವ?”

“ಅಲ್ಲ.”

“ಮತ್ತ್ಯಾಕ ಅಂಜತಿ? ಜೋಗೇಶ್ವರ್ಯಾಗ ಇಳಿ. ಇಳಿದಂಗ ಮಾಡು.”

ಜೋಗೇಶ್ವರಿಯಲ್ಲಿ ಇಳಿದೆ. ಚೆನ್ನಯನೂ ಧುಮುಕಿದ. ಮೆಟ್ಟಿಲ ಕಡೆಗೆ ನಾಲ್ಕು ಹೆಜ್ಜೆ ಹಾಕಿದೆ... ಐದನೆಯದಕ್ಕೆ ಗಾಡಿ ಅಲುಗಿತು. ತಿರುಗಿ ಓಡಿದೆ. ನಾಗವ್ವನ ಕೈ ನನ್ನ ಮಣಿಕಟ್ಟು ಹಿಡಿದು ಒಳಗೆ ಎಳೆಯಿತು. ಅವನೂ ಓಡಿದ. ಆದರೆ ಗಂಡಸರ ಡಬ್ಬಿಯ ಬಾಗಿಲಲ್ಲಿ ಜನ ಜೇನುಹುಟ್ಟಿನ ಹಾಗೆ ನೇತಾಡುತ್ತಿದ್ದರು. ಅವನಿಗೆ ಬೆರಳಿಡಲೂ ಜಾಗ ಸಿಗಲಿಲ್ಲ.

ಪ್ಲಾಟ್‌ಫಾರ್ಮಿನ ಮೇಲೆ ನನ್ನ ದುಪಟ್ಟಾ ಹಿಡಿದುಕೊಂಡು ನಿಂತುಬಿಟ್ಟ. ಕೋಣ ಕಳೆದುಕೊಂಡವನ ಹಾಗೆ.

ಹೋಟೆಲಿನ ಮಹಡಿ ಹತ್ತಿದಾಗ ಸಭೆ ಕಾವೇರಿತ್ತು. ಎದುರಾಳಿಯ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. ಬಾಗಿಲಲ್ಲೇ ನಿಂತೆ. ರಮಾನಾಥರು ಮಾತಾಡುತ್ತಿದ್ದರು. ಅಪ್ಪ ಮೂರು ವರ್ಷದ ಹಿಂದೆ ಕೇಳಿದ್ದ ಅದೇ ಮಾತು. ಹೆಸರು ಮಾತ್ರ ಬೇರೆ.

“ಪಟ್ಟಿ ಇದ್ದದ್ದು ಮಿಸ್ ಶರ್ಮಾ ಕೈಯಲ್ಲಿ ಮಾತ್ರ. ನಾನು ಕಂಪ್ಯೂಟರ್ ಮುಟ್ಟುವವನೇ ಅಲ್ಲ. ಇನ್ನು ನೀವೇ ಹೇಳಿ.”

ಟಿಫಿನ್ ಡಬ್ಬಿ ತೆರೆದೆ. ಹಾಳೆಯನ್ನು ಶೆಟ್ಟೆಪ್ಪನವರ ಮುಂದೆ ಇಟ್ಟೆ. ಸ್ಟೀಲ್ ಪಾತ್ರೆಗಳ ವ್ಯಾಪಾರಿ. ಎಲ್ಲರಿಗಿಂತ ಹಿರಿಯರು.

ಅವರು ಹಾಳೆ ಓದಿದರು. ಪುಟ ಮೂವತ್ತೊಂದು ಓದಿದರು. ಮತ್ತೆ ಹಾಳೆ. ಕನ್ನಡಕ ತೆಗೆದು ಸುತ್ತಲೂ ನೋಡಿ, ಈ ಎಡಗೈ ಒರಳು ಯಾರ ಮಾಲು ಎಂದು ಕೇಳಿದರು. ಹದಿಮೂರು ತಲೆಗಳು ಅಲ್ಲವೆಂದವು. ತಮ್ಮದೂ ಅಲ್ಲವೆಂದರು. ನನ್ನನ್ನು ನೋಡಿದರು. ಅಂಥ ಒರಳೇ ಇಲ್ಲ ಎಂದು ತಲೆಯಾಡಿಸಿದೆ.

“ರಮಾನಾಥರ, ಈ ಹಸರ ಅಕ್ಷರ ನಿಮ್ಮವಽ ಅಲ್ಲೇನ್ರೀ?”

ರಮಾನಾಥರು ಕಾಫಿ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇಲ್ಲದ ಒರಳನ್ನ ಮನ್ಯಾಗ ಹ್ಯಾಂಗ ಪರೀಕ್ಷಾ ಮಾಡಿದ್ರಿ?”

ಶೆಟ್ಟೆಪ್ಪನವರು ಎದ್ದು ಮೇಜಿನ ಮೇಲಿದ್ದ ಫ್ಲಾಪಿಗಳಲ್ಲಿ ತಮ್ಮದನ್ನು ಹುಡುಕಿ ಜೇಬಿಗೆ ಹಾಕಿಕೊಂಡರು. ಪಕ್ಕದವರೂ ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ. ಬಾಗಿಲ ಬಳಿ ಶೆಟ್ಟೆಪ್ಪನವರು ನಿಂತರು. ತಮಗೆ ತಾವೇ ಎಂಬಂತೆ, ‘ಹಂಗಾದ್ರ ಆ ಮೂರ್ತಿ...’ ಅಂದರು. ಮೆಟ್ಟಿಲು ಇಳಿದು ಹೋದರು.

ರಮಾನಾಥರ ಮುಂದೆ ಖಾಲಿ ಮೇಜು ಉಳಿಯಿತು. ಅದರ ಮೇಲೆ ಆರಿದ ಕಾಫಿ. ಅವರು ತಲೆ ಎತ್ತಿದರು.

“ಯಾರು ನೀನು? ಯಾರು ಕಳಿಸಿದ್ದು ನಿನ್ನನ್ನ? ಹೇಳು, ಮಿಸ್ ಶರ್ಮಾ.”

ಹೊರಡಲು ಬೆನ್ನು ತಿರುಗಿಸಿದ್ದವಳು ನಿಂತೆ. ಈ ಸಲವೂ ಒಂದು ಕ್ಷಣ ತಡವಾಗಿಯೇ ತಿರುಗಿದೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ದನಿ ನನಗೇ ಕೇಳಿಸಿತು.

“ಎಸ್ ಅಂದರೆ ಸತ್ಯಮೂರ್ತಿ, ಸರ್. ನಾನು ಆ ಎಡಗೈಯವರ ಮಗಳು.”